ತಳದಲ್ಲುಳಿದ ಹಸಿರು

ನಮ್ಮೂರಲ್ಲಿ ಸೂರ್ಯ ಮುಳುಗುತ್ತಾನೆ, ಬೆಳಕು ಮುಳುಗುವುದಿಲ್ಲ. ಬಾಗಿಲು ಹಾಕಿಕೊಂಡರೂ ಕೋಣೆಯಲ್ಲಿರುತ್ತದೆ, ಪೆಟ್ಟಿಗೆ ಮುಚ್ಚಿದರೆ ಪೆಟ್ಟಿಗೆಯೊಳಗೂ ಇರುತ್ತದೆ, ಕಣ್ಣು ಮುಚ್ಚಿದರೆ ರೆಪ್ಪೆಯ ಈಚೆಗೂ ಬಂದು ಕೂರುತ್ತದೆ. ಅದಕ್ಕೇ ಕತ್ತಲನ್ನು ನಾವು ತುಂಬಿಟ್ಟುಕೊಳ್ಳುತ್ತೇವೆ. ಗುಡ್ಡದ ಬುಡದ ಬಂಡೆಸೀಳಿನಿಂದ ಬಿಂದಿಗೆಯಲ್ಲಿ ಹೊತ್ತು ತಂದು ಹಂಡೆಗೆ ಸುರಿದು ಅಡುಗೆಮನೆಯ ಮೂಲೆಯಲ್ಲಿ ಮುಚ್ಚಿಡುವುದು, ಮಲಗುವಾಗ ಸೇರಿನಲ್ಲಿ ಅಳೆದು ಹೊದಿಕೆಯೊಳಗೆ ಹಾಕಿಕೊಳ್ಳುವುದು. ಹೆಸರುಕಾಳು ಮೊಳಕೆ ಬರಲು ಒಂದು ಚಮಚ ಸಾಕು. ಬಸುರಿ ಹೆಂಗಸಿಗೆ ತವರಿನಿಂದ ಒಂದು ಕೊಡ ಬರಲೇಬೇಕು. ಪಕ್ಕದ ಮನೆಯವರು ಗಟ್ಟಿ ಕತ್ತಲು ಒಯ್ದು ತೆಳ್ಳನೆಯ ಮಬ್ಬನ್ನು ವಾಪಸು ತಂದರೆಂದು ನನ್ನ ಅತ್ತೆ ಅವರೊಂದಿಗೆ ಮಾತು ಬಿಟ್ಟವರು ಇನ್ನೂ ಆಡುತ್ತಿಲ್ಲ.

ಒಂದೇ ಒಂದು ವಿಷಯದಲ್ಲಿ ಮಾತ್ರ ನಮ್ಮಲ್ಲಿ ಜಗಳವಿಲ್ಲ. ಮಗುವನ್ನು ಮಲಗಿಸಲು ಕತ್ತಲು ಬೇಕಾದವರು ಯಾರನ್ನೂ ಕೇಳಬೇಕಾಗಿಲ್ಲ. ಯಾರ ಮನೆಯ ಯಾವ ಪಾತ್ರೆಯಿಂದಾದರೂ ತೆಗೆದುಕೊಳ್ಳಬಹುದು. ತಳದಲ್ಲಿ ನಾಲ್ಕು ಬೆರಳಿನಷ್ಟು ಬಿಟ್ಟಿರಬೇಕು, ಅಷ್ಟೇ. ಪಾತ್ರೆ ಪೂರ್ತಿ ಬಳಿದುಕೊಂಡು ಹೋದವಳಿಗೆ ಊರಿನಲ್ಲಿ ಇನ್ನೊಂದು ಸಲ ಯಾರೂ ಬಾಗಿಲು ತೆಗೆಯುವುದಿಲ್ಲ.

ಇಂಥ ಊರಿನಲ್ಲಿ ನನ್ನ ಕೆಲಸ ಎಂಥದ್ದು ನೋಡಿ. ದೊಡ್ಡಾಸ್ಪತ್ರೆಯ ಹಿಂದೆ ಮೂತ್ರಪಿಂಡದ ಕಾಯಿಲೆಗಳ ಬಗ್ಗೆ ಸಂಶೋಧನೆ ನಡೆಸುವ ಪ್ರಯೋಗಾಲಯವಿದೆ. ಅಲ್ಲಿ ನಾನು ತಂತ್ರಜ್ಞೆ. ಬೆಳಕು ಬಿದ್ದರೆ ಹಾಳಾಗುವ ವಸ್ತುವನ್ನು ಬೆಳಕೇ ಹೋಗದ ಊರಿನಲ್ಲಿ ಕಾಪಾಡುವುದು ನನ್ನ ಪಾಲಿಗೆ ಬಂದಿದೆ. ಆ ವಸ್ತುವಿಗೆ ನಾವು ‘ಎರಡನೆಯದು’ ಎನ್ನುತ್ತೇವೆ. ರೋಗಿಯ ಮೈಯಿಂದ ತೆಗೆದ ಚೂರನ್ನು ತೆಳ್ಳಗೆ ಕೊಯ್ದು ಗಾಜಿನ ಸ್ಲೈಡಿನ ಮೇಲಿಡುತ್ತೇವೆ. ಅದರ ಮೇಲೆ ಮೊದಲು ಒಂದು ಪ್ರತಿಕಾಯ ಹಾಕುತ್ತೇವೆ. ಅದು ಮೊಲದ ರಕ್ತದಿಂದ ಬಂದದ್ದು. ಕಾಯಿಲೆಯ ಗುರುತು ಎಲ್ಲಿದೆಯೋ ಅಲ್ಲಿಗೇ ಹೋಗಿ ಹಿಡಿದುಕೊಳ್ಳುತ್ತದೆ, ಆದರೆ ತಾನು ಕಾಣಿಸಿಕೊಳ್ಳುವುದಿಲ್ಲ. ಆಮೇಲೆ ಎರಡನೆಯದನ್ನು ಹಾಕಬೇಕು. ಇದು ಮೇಕೆಯದು. ಮೊಲದ್ದು ಎಲ್ಲಿ ಕಂಡರೂ ಹಿಡಿಯುತ್ತದೆ, ಬೇರೆ ಯಾವುದರ ಗೊಡವೆಗೂ ಹೋಗುವುದಿಲ್ಲ. ಇದರ ಮೈಗೆ ಒಂದು ಹಸಿರು ಬಣ್ಣ ಅಂಟಿಸಿರುತ್ತಾರೆ. ಸೂಕ್ಷ್ಮದರ್ಶಕದ ನೀಲಿ ಬೆಳಕು ಬಿಟ್ಟರೆ ಆ ಹಸಿರು ಹೊಳೆಯುತ್ತದೆ, ಕಾಯಿಲೆ ಇರುವ ಜಾಗ ಕಾಣುತ್ತದೆ. ಬಣ್ಣ ಸತ್ತಿದ್ದರೆ ಎರಡನೆಯದು ಹೋಗಿ ಸರಿಯಾದ ಜಾಗದಲ್ಲೇ ಕೂತಿದ್ದರೂ ನಮ್ಮ ಕಣ್ಣಿಗೆ ಏನೂ ಇಲ್ಲ.

ಅದಕ್ಕಾಗಿ ಬೀಟೆ ಮರದ ಒಂದು ಪೆಟ್ಟಿಗೆಯಲ್ಲಿ ಬಂಡೆಸೀಳಿನ ತೀರಾ ಒಳಗಿನ ಕತ್ತಲನ್ನು ತುಂಬಿ ಫ್ರಿಜ್ಜಿನಲ್ಲಿ ಇಟ್ಟಿದ್ದೆವು. ಫ್ರೀಜರಿನಲ್ಲಿ ಅಲ್ಲ. ಗಡ್ಡೆ ಕಟ್ಟಿಸಿ ಕರಗಿಸಿ, ಮತ್ತೆ ಗಡ್ಡೆ ಕಟ್ಟಿಸಿದರೆ ಪ್ರತಿಕಾಯ ಮುರಿದು ಹೋಗುತ್ತದೆ. ಒಂದೇ ಸೀಸೆಯನ್ನು ದಿನವೂ ತೆಗೆದಿಡುವ ರಗಳೆ ಬೇಡವೆಂದು ಬಂದ ಕೂಡಲೇ ಪುಟ್ಟ ಪುಟ್ಟ ಸೀಸೆಗಳಿಗೆ ಹಂಚಿ ಸ್ಟ್ಯಾಂಡಿನಲ್ಲಿ ನಿಲ್ಲಿಸುತ್ತಿದ್ದೆ. ಪೆಟ್ಟಿಗೆಯ ಮುಚ್ಚಳವನ್ನು ನಾವು ತೆರೆಯುವುದೇ ಇಲ್ಲ. ಪಕ್ಕದಲ್ಲಿ ಕಂಬಳಿಯ ತೋಳೊಂದು ಹೊಲಿದಿದೆ. ಅದರೊಳಗೆ ಕೈ ತೂರಿಸಿ ತಡಕಿ ತೆಗೆಯುವುದು, ಹಾಗೇ ಇಡುವುದು. ಹೊಸಬರು ಕೈ ಹಾಕಿದರೆ ಹಾವು ಹೊಕ್ಕ ಬಿಲಕ್ಕೆ ಹಾಕಿದಂತೆ ಮುಖ ಮಾಡುತ್ತಾರೆ. ಪ್ರಯೋಗಾಲಯದಲ್ಲಿ ಜಾಗ ಸಾಲದೆ ಆ ಫ್ರಿಜ್ಜನ್ನು ಮಕ್ಕಳ ವಾರ್ಡಿಗೆ ಹೋಗುವ ಪಡಸಾಲೆಯಲ್ಲಿ ಇಟ್ಟಿದ್ದರು. ಅಲ್ಲಿ ಬೇಡವೆಂದು ನಾನು ಎಷ್ಟು ಸಲ ಗೊಣಗಿದ್ದೆನೋ ನನಗೇ ಲೆಕ್ಕವಿಲ್ಲ.

ಬಿಂದುವಿನ ಚೂರು ನಮ್ಮಲ್ಲಿಗೆ ಬಂದದ್ದು ಹೀಗೆ. ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹಾಲಮ್ಮನ ಮಗಳು ಅವಳು, ಇನ್ನೂ ಹಾಲುಹಲ್ಲು ಬೀಳುತ್ತಿರುವ ವಯಸ್ಸು. ಮುಖ ಊದಿಕೊಂಡು, ಮೂತ್ರ ಚಹಾದ ಬಣ್ಣಕ್ಕೆ ತಿರುಗಿ ವಾರ್ಡಿಗೆ ಸೇರಿದ್ದಳು. ನಮ್ಮ ಮುಖ್ಯಸ್ಥರಾದ ಡಾಕ್ಟರ್ ಪಂಚಾಕ್ಷರಿ ಬೆಳಿಗ್ಗೆಯೇ ನನ್ನನ್ನು ಕರೆದು ಹೇಳಿದರು. “ಯಶೋದಮ್ಮಾ, ಮೈ ತನ್ನ ಮೂತ್ರಪಿಂಡವನ್ನೇ ಶತ್ರು ಅಂದ್ಕೊಂಡು ತಿಂತಾ ಇದೆಯೋ ಏನೋ ಅಂತ ವಾರ್ಡಿನವರಿಗೆ ಅನುಮಾನ. ಹೌದು ಅಂದರೆ ಇವತ್ತೇ ಗಟ್ಟಿ ಔಷಧಿ ಶುರು ಮಾಡಬೇಕು, ತಡ ಮಾಡಿದರೆ ಎರಡೂ ಮೂತ್ರಪಿಂಡ ಹೋದಹಾಗೆ. ಅಲ್ಲ ಅಂದರೆ ಆ ಔಷಧಿ ಕೊಡಲೇಬಾರದು. ಮಗುವಿಗೆ ಈಗಾಗಲೇ ಸೋಂಕಿದೆ, ಔಷಧಿಯೇ ಕೂಸನ್ನು ಮುಗಿಸಿಬಿಡುತ್ತೆ. ಮಧ್ಯಾಹ್ನದೊಳಗೆ ಹೇಳಬೇಕು.”

“ಇನ್ನೊಂದು ಚೂರು ತೆಗೆಯೋಕಾಗುತ್ತಾ ಸರ್, ಬೇಕಾದರೆ?”

“ಇದನ್ನು ತೆಗೆದಾಗಲೇ ರಕ್ತ ನಿಲ್ಲಿಸೋಕೆ ಒದ್ದಾಡಿದ್ದಾರೆ. ಇರೋದರಲ್ಲೇ ಮಾಡಿ.”

ಚೂರು ಅಕ್ಕಿಕಾಳಿಗಿಂತ ಚಿಕ್ಕದಿತ್ತು. ಕೊಯ್ದರೆ ಮೂರೇ ಮೂರು ತೆಳು ಪದರಗಳು ಸರಿಯಾಗಿ ಬಂದವು. ಒಂದಕ್ಕೆ ಮೊದಲನೆಯದನ್ನು ಹಾಕಿ, ತೊಳೆದು, ಸ್ಲೈಡನ್ನು ಡಬ್ಬಿಯಲ್ಲಿಟ್ಟು ತೋಳಿನ ಮೂಲಕ ಪೆಟ್ಟಿಗೆಗೆ ಇಳಿಸಿ, ಒಳಗೇ ಎರಡನೆಯದನ್ನು ತಡಕಿ ಹಾಕಿ ಅಲ್ಲೇ ಬಿಟ್ಟೆ. ಜೊತೆಗೆ ಕಾಯಿಲೆ ಖಂಡಿತ ಇದೆಯೆಂದು ಗೊತ್ತಿರುವ ಹಳೆಯ ರೋಗಿಯೊಬ್ಬರ ಪದರವನ್ನೂ ಹಾಗೇ ಮಾಡಿ ಇಟ್ಟೆ. ಇದು ನಮ್ಮ ಸಾಕ್ಷಿ. ಸಾಕ್ಷಿ ಹೊಳೆದರೆ ಮಾತ್ರ ಉಳಿದದ್ದನ್ನು ನಂಬಬೇಕು.

ಒಂದು ಗಂಟೆ ಬಿಟ್ಟು, ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಬಿಂದುವಿನ ಪದರದಲ್ಲಿ ಏನೂ ಇಲ್ಲ. ಅಬ್ಬ, ಬದುಕಿತು ಕೂಸು ಎಂದುಕೊಂಡೆ. ಸಾಕ್ಷಿಯನ್ನು ಇಟ್ಟೆ. ಅದರಲ್ಲೂ ಏನೂ ಇಲ್ಲ.

ಪಂಚಾಕ್ಷರಿಯವರು ಬಂದು ಎರಡನ್ನೂ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. ಕೆಟ್ಟ ಮನುಷ್ಯರಲ್ಲ ಅವರು. ಹೆದರಿದಾಗ ಬೇಗ ತೀರ್ಮಾನ ಮಾಡಿ ಮುಗಿಸುವ ಅಭ್ಯಾಸ, ಅಷ್ಟೇ. “ಸಾಕ್ಷಿಯ ಪದರ ಹಳೇದು. ಅದು ಹಾಳಾಗಿರಬೇಕು. ಮಗುವಿಗೆ ಕಾಯಿಲೆ ಇಲ್ಲ ಅಂತಲೇ ಬರೆದು ಕಳಿಸೋಣ” ಎಂದರು.

“ಹೋದ ವಾರ ಇದೇ ಪದರ ಹೊಳೀತಿತ್ತಲ್ಲ ಸರ್?”

“ಮತ್ತಿನ್ನೇನು ಮಾಡೋಣ ಹೇಳಿ? ವಾರ್ಡಿನಿಂದ ಎರಡು ಸಲ ಜನ ಬಂದು ಹೋದರು.”

“ಬಣ್ಣ ಸತ್ತಿದ್ದರೆ?”

“ಆ ಪೆಟ್ಟಿಗೆಯೊಳಗಿರೋ ಬಣ್ಣ ಸಾಯುತ್ತೇನ್ರೀ? ನೀವೇ ಕಾವಲಿದ್ದೀರಲ್ಲ!”

ಪಡಸಾಲೆಗೆ ಓಡಿದೆ. ಎಂದೂ ತೆರೆಯದ ಮುಚ್ಚಳವನ್ನು ತುಸುವೇ ಎತ್ತಿ ಇಣುಕಿದೆ. ಒಳಗೆ ಹಾಡುಹಗಲು. ಸ್ಟ್ಯಾಂಡಿನಲ್ಲಿ ಸೀಸೆಗಳು ಅಂಗಡಿಯ ಸಾಲಿನಲ್ಲಿ ನಿಂತಂತೆ ಸ್ಪಷ್ಟವಾಗಿ ನಿಂತಿದ್ದವು. ಯಾವ ಸೀಸೆ ಎಷ್ಟು ತುಂಬಿದೆ ಎಂದು ಕೂಡ ಕಾಣುತ್ತಿತ್ತು. ಅವು ಎಷ್ಟು ಹೊತ್ತಿನಿಂದಲೋ ಹಾಗೆ ಬೆಳಕು ಕುಡಿಯುತ್ತ ನಿಂತಿರಬೇಕು. ಹೊರಗಿನಿಂದ ಹೊಸದನ್ನು ತರಿಸಲು ವಾರಗಳೇ ಬೇಕು, ಬಂದರೂ ಊರ ಗಡಿಗೇ ಗಟ್ಟಿ ಕತ್ತಲು ಒಯ್ದು ಅದರಲ್ಲಿ ಹಾಕಿಕೊಳ್ಳದಿದ್ದರೆ ಅವರು ಸುತ್ತಿ ಕಳಿಸುವ ಬೆಳ್ಳಿ ಕಾಗದದೊಳಗೆ ಬೆಳಕು ನುಗ್ಗಿಬಿಡುತ್ತದೆ.

ಆಗಲೇ ತಳ ಕಂಡಿತು. ಸ್ಟ್ಯಾಂಡಿನ ಕಾಲುಗಳು ಮುಳುಗುವಷ್ಟು, ನಾಲ್ಕು ಬೆರಳು ದಪ್ಪ, ಸಮನಾಗಿ ಬಿಟ್ಟ ಕತ್ತಲು. ಮಗುವಿಗಾಗಿ ಯಾರೋ ಒಯ್ದಿದ್ದಾರೆ ಎಂದು ಅರಿಯಲು ಅಷ್ಟೇ ಸಾಕಾಯಿತು. ಬೈಯಬೇಕೆಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ಬೈಯುವ ಹಕ್ಕು ನಮ್ಮೂರಲ್ಲಿ ಯಾರಿಗೂ ಇಲ್ಲ. ಮುಚ್ಚಳ ಹಾಕಿ ತೋಳಿನಲ್ಲಿ ಕೈಯಿಳಿಸಿ, ದೇವರೇ ದೇವರೇ ಎನ್ನುತ್ತ ತಳದ ನಾಲ್ಕು ಮೂಲೆಗಳನ್ನೂ ಸವರಿದೆ. ಒಂದು ಮೂಲೆಯಲ್ಲಿ ಬೆರಳಿಗೆ ತಣ್ಣಗೆ ಒಂದು ಸೀಸೆ ತಗುಲಿತು. ಸ್ಟ್ಯಾಂಡಿನಿಂದ ಯಾವಾಗಲೋ ಜಾರಿ ಬಿದ್ದು ಉರುಳಿ ಹೋದದ್ದು. ಅದೊಂದು ಮಾತ್ರ ಕತ್ತಲಲ್ಲೇ ಉಳಿದಿತ್ತು.

ಸೀಸೆ ಸಿಕ್ಕಿತು ಎನ್ನುವ ಸಂತೋಷ ಎರಡು ಉಸಿರಿನಷ್ಟೂ ಉಳಿಯಲಿಲ್ಲ. ಸ್ಲೈಡಿನ ಮೇಲೆ ಹಾಕಿದ ಮೇಲೆ ಒಂದು ಗಂಟೆ ಪೂರ್ತಿ ಕತ್ತಲಲ್ಲಿ ಇಡಬೇಕಲ್ಲ, ಆ ಕತ್ತಲೆಲ್ಲಿದೆ? ತಳದಲ್ಲಿರುವುದು ಸೀಸೆಗೆ ಸಾಕು, ನಾಲ್ಕು ಬೆರಳಿಗಿಂತ ಎತ್ತರದ ಸ್ಲೈಡುಗಳ ಡಬ್ಬಿ ಅದರಲ್ಲಿ ಮುಳುಗುವುದಿಲ್ಲ. ಬಂಡೆಸೀಳಿಗೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ. ಮನೆಗೆ ಓಡಿ ಹಂಡೆಯದನ್ನು ತಂದರೆ ಅದು ಒಗ್ಗರಣೆಯ ಹೊಗೆ ಕುಡಿದ ತೆಳು ಕತ್ತಲು, ದಾರಿಯಲ್ಲೇ ಅರ್ಧ ಆರಿಹೋಗುತ್ತದೆ. ಒಯ್ದವರನ್ನು ಹುಡುಕುವುದೊಂದೇ ದಾರಿ ಎಂದುಕೊಂಡು ಮಕ್ಕಳ ವಾರ್ಡಿಗೆ ಹೋದೆ.

ಹುಡುಕಬೇಕಾಗಿಯೇ ಇರಲಿಲ್ಲ. ಕಿಟಕಿ ಪಕ್ಕದ ಮಂಚದ ಮೇಲೆ, ಒಂದು ಹಳೇ ಕೌದಿಯ ಅಂಚುಗಳನ್ನೆಲ್ಲ ಹಾಸಿಗೆಯ ಕೆಳಗೆ ಸಿಕ್ಕಿಸಿ, ಒಳಗೆ ಬಂಡೆಸೀಳಿನ ಗಟ್ಟಿ ಕತ್ತಲು ತುಂಬಿಕೊಂಡಿತ್ತು. ಫ್ರಿಜ್ಜಿನ ತಂಪು ಇನ್ನೂ ಅದರಿಂದ ಬರುತ್ತಿತ್ತು. ಪಕ್ಕದ ಸ್ಟೂಲಿನ ಮೇಲೆ ಹಾಲಮ್ಮ ಕೂತಿದ್ದಳು. ಕೈಯೆಲ್ಲ ಭಟ್ಟಿಯ ಬಿಸಿಗೆ ಚುರುಕು ತಾಗಿದ ಕಲೆ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

“ಮೆಲ್ಲಗೆ ಮಾತಾಡ್ರಿ ಅಕ್ಕಾರ. ಇಲ್ಲಿಗೆ ಬಂದಾಗಿಂದ ಕಣ್ಣು ಮುಚ್ಚಿರಲಿಲ್ಲ ನಮ್ಮ ಬಿಂದು. ನಿನ್ನೆ ಸಂಜೆ ಪಡಸಾಲ್ಯಾಗಿನ ಫ್ರಿಜ್ಜಿನಾಗ ಒಂದು ಪೆಟ್ಟಿಗಿ ಕಂಡ್ತು. ಸೆರಗಿನಾಗ ತಂದು ಹಾಕೀನಿ. ಎಂಥಾ ಕತ್ತಲು ಅಂತೀರಿ! ಹಾಕಿದ ಕೂಡ್ಲೇ ನಿದ್ದಿ ಹತ್ತೇತಿ. ತಳ ಬಿಟ್ಟೀನ್ರಿ, ಅದೇನೂ ಚಿಂತಿ ಮಾಡಬ್ಯಾಡ್ರಿ.”

ಅವಳ ಮುಖದಲ್ಲಿ ಅಷ್ಟು ನೆಮ್ಮದಿಯಿತ್ತು. ಅದನ್ನು ನೋಡಿ ನನಗೆ ಅಳು ಬಂತು. ಯಾವ ಕತ್ತಲು ಅವಳ ಮಗಳಿಗೆ ಏನಾಗಿದೆಯೆಂದು ಹೇಳಬೇಕಿತ್ತೋ ಅದನ್ನೇ ತಂದು ಮಗಳಿಗೆ ಹೊದಿಸಿದ್ದಳು. ಆಮೇಲೆ ಹೇಳಿಯೇಬಿಟ್ಟೆ, ಯಾವುದನ್ನೂ ಬಿಡದೆ. ಹೊಳೆದರೆ ಏನು, ಹೊಳೆಯದಿದ್ದರೆ ಏನು, ಬೆಳಿಗ್ಗೆ ಹೊಳೆಯದಿದ್ದುದಕ್ಕೆ ಅರ್ಥವೇ ಇಲ್ಲ ಯಾಕೆ, ಎಲ್ಲ.

ಹಾಲಮ್ಮ ಎದ್ದು ನಿಂತಳು. “ನನ್ನ ಕೈಯಾರೆ ಕೆಡಿಸಿದ್ನೇನ್ರಿ?” ಎಂದಳು. ಕೌದಿಯ ಅಂಚಿಗೆ ಕೈ ಹಾಕಿದಳು. “ತಗೋರಿ, ಎಲ್ಲಾ ತಗೊಂಡು ಹೋಗ್ರಿ. ಎಬ್ಬಿಸ್ತೀನಿ.”

“ಬೇಡ, ಬೇಡ. ಬಿಚ್ಚಿದರೆ ಅರ್ಧ ಹಾರಿಹೋಗುತ್ತೆ. ಅವಳು ಮಲಗಿರಲಿ. ನಾನೇ ಇಲ್ಲಿಗೆ ತರುತ್ತೇನೆ.”

ಪಂಚಾಕ್ಷರಿಯವರಿಗೆ ಹೇಳಿದಾಗ ಅವರು ನನ್ನ ತಲೆ ಕೆಟ್ಟಿದೆಯೇ ಎನ್ನುವಂತೆ ನೋಡಿದರು. ಪ್ರಯೋಗಾಲಯದ ಕೆಲಸವನ್ನು ರೋಗಿಯ ಹಾಸಿಗೆಯಲ್ಲಿ ಮಾಡುವುದೇ? ಆಮೇಲೆ ಸತ್ತ ಬಣ್ಣದ ಸೀಸೆಗಳನ್ನು ತಾವೇ ಹೋಗಿ ನೋಡಿ ಬಂದರು. “ಇಲ್ಲ ಅಂತ ಬರೆದೇಬಿಟ್ಟಿದ್ದೆ. ಇನ್ನೂ ಕಳಿಸಿಲ್ಲ, ಸದ್ಯ” ಎಂದು ಕುರ್ಚಿಯಲ್ಲಿ ಕುಸಿದರು. “ಹೋಗಿ, ಮಾಡಿ. ವಾರ್ಡಿನವರ ಬಾಯಿ ನಾನು ಮುಚ್ಚಿಸ್ತೀನಿ.”

ಸೀಸೆಯನ್ನು ತಳದ ಕತ್ತಲಿನ ಸಮೇತ ಕರವಸ್ತ್ರದಲ್ಲಿ ಗಂಟು ಕಟ್ಟಿ ಎತ್ತಿದೆ. ಅದೇ ಗಂಟಿನಲ್ಲೇ ಗಿರಗಿರ ತಿರುಗುವ ಯಂತ್ರಕ್ಕೆ ಹಾಕಿ ಕೊಂಚ ಹೊತ್ತು ಸುತ್ತಿಸಿದೆ. ಹಾಗೆ ಮಾಡದಿದ್ದರೆ ಸೀಸೆಯಲ್ಲಿ ಮುದ್ದೆಗಟ್ಟಿದ ಬಣ್ಣ ಪದರದ ಮೇಲೆ ಬಿದ್ದು ಇಲ್ಲದ ಕಡೆಯೂ ಚುಕ್ಕಿ ಚುಕ್ಕಿಯಾಗಿ ಹೊಳೆದು ಮೋಸ ಮಾಡುತ್ತದೆ. ಬಿಂದುವಿನ ಉಳಿದ ಎರಡು ಪದರಗಳಲ್ಲಿ ಒಂದಕ್ಕೆ ಮೊದಲನೆಯದನ್ನು ಹಾಕಿದ್ದೆ. ಇನ್ನೊಂದಕ್ಕೆ ಹಾಕಲಿಲ್ಲ. ಅದಕ್ಕೆ ಎರಡನೆಯದು ಮಾತ್ರ. ಎರಡನೆಯದು ತಾನೇ ತಾನಾಗಿ ಎಲ್ಲೆಂದರಲ್ಲಿ ಅಂಟಿಕೊಳ್ಳುತ್ತಿಲ್ಲ ಎಂದು ಗೊತ್ತಾಗಬೇಕಲ್ಲ. ಜೊತೆಗೆ ಸಾಕ್ಷಿಯದೊಂದು. ಮೂರನ್ನೂ ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟುಕೊಂಡು ವಾರ್ಡಿಗೆ ನಡೆದೆ. ಇದು ಕೆಟ್ಟರೆ ಮತ್ತೆ ಮಾಡಲು ಬಿಂದುವಿನ ಚೂರೇ ಉಳಿದಿರಲಿಲ್ಲ.

ಕಾಲ ಕಡೆಯಿಂದ ಕೌದಿಯನ್ನು ಹಾಲಮ್ಮ ಕೈ ಹಿಡಿಸುವಷ್ಟೇ ಸಡಿಲಿಸಿದಳು. ಎರಡೂ ಕೈಗಳನ್ನು ಒಳಗೆ ತೂರಿಸಿ, ಕಣ್ಣಿಗೆ ಕಾಣದ ಡಬ್ಬಿಯಲ್ಲಿ ಕಾಣದ ಪದರಗಳ ಮೇಲೆ ಅಂದಾಜಿನಿಂದ ಎರಡನೆಯದನ್ನು ಹನಿ ಹನಿಯಾಗಿ ಬಿಟ್ಟೆ. ಮಗುವಿನ ಅಂಗಾಲು ನನ್ನ ಮೊಣಕೈಗೆ ತಾಗಿತು, ಊತದಿಂದ ಮೆತ್ತಗಿತ್ತು. ಮುಚ್ಚಳ ಹಾಕಿ ಡಬ್ಬಿಯನ್ನು ಅವಳ ಕಾಲ ಬಳಿ ಬಿಟ್ಟು ಕೈ ಹೊರತೆಗೆದೆ. ಹಾಲಮ್ಮ ಅಂಚನ್ನು ಸಿಕ್ಕಿಸಿ ಅದರ ಮೇಲೆ ತಾನೇ ಕೂತಳು.

ಅಂಥ ಒಂದು ಗಂಟೆಯನ್ನು ನಾನು ಯಾರಿಗೂ ಬಯಸುವುದಿಲ್ಲ. ಬಿಂದು ಒಮ್ಮೆ ಕಾಲು ಝಾಡಿಸಿದಳು. ಡಬ್ಬಿ ಕೌದಿಯೊಳಗೆ ಸರಿದ ಸದ್ದು ಕೇಳಿ ಇಬ್ಬರೂ ಕೌದಿಯ ಅಂಚು ಒತ್ತಿ ಹಿಡಿದೆವು. ಮಗು ಉಸಿರಾಡಿದ ಹಾಗೆಲ್ಲ ಕತ್ತಲು ತುಸು ತುಸುವೇ ತೆಳ್ಳಗಾಗುತ್ತಿತ್ತು. ಕೌದಿಯ ಹೊಲಿಗೆಗಳ ನಡುವೆ ಅದು ಬೂದಿ ಬಣ್ಣಕ್ಕೆ ತಿರುಗುತ್ತಿರುವುದು ಕಾಣುತ್ತಿತ್ತು. ಚುಚ್ಚುಮದ್ದು ಕೊಡಲು ಬಂದ ನರ್ಸು ಕೌದಿ ತೆಗೆಯಲು ಹೋದಾಗ ಹಾಲಮ್ಮ ಎರಡೂ ತೋಳು ಚಾಚಿ ಅಡ್ಡ ಬಿದ್ದಳು. “ಮುಟ್ಟೀರಿ ಅಂದ್ರ ನೋಡ್ರಿ ಮತ್ತ!” ಎಂದ ದನಿಗೆ ಆ ಹುಡುಗಿ ಹಿಂದೆ ಸರಿದು ಹೋದಳು.

ಆಮೇಲೆ ಹಾಲಮ್ಮ ಪಿಸುಗುಟ್ಟಿದಳು. “ಅಕ್ಕಾರ, ನಾ ಏನಂತ ಬೇಡ್ಕೊಳ್ಳಲಿ? ಹೊಳೀಲಿ ಅನ್ಲೋ, ಹೊಳೀದೆ ಇರ್ಲಿ ಅನ್ಲೋ?”

ನನಗೂ ಅದೇ ಗೊತ್ತಾಗುತ್ತಿರಲಿಲ್ಲ. ಸಾಕ್ಷಿ ಹೊಳೆಯಲಿ, ಮಗುವಿನದು ಹೊಳೆಯದಿರಲಿ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಹಾಗೆ ಬೇಡಿದರೆ ಕಣ್ಣು ಬೇಕಾದ್ದನ್ನೇ ನೋಡೀತು ಎಂಬ ಹೆದರಿಕೆ ಬೇರೆ. “ಸುಳ್ಳು ಹೇಳದೆ ಇರ್ಲಿ ಅಂತ ಬೇಡ್ಕೋ” ಎಂದೆ. ಅವಳು ಕಣ್ಣು ಮುಚ್ಚಿ ತುಟಿ ಆಡಿಸತೊಡಗಿದಳು.

ಗಂಟೆ ಮುಗಿದ ಮೇಲೆ ಡಬ್ಬಿಯನ್ನು ಒಂದು ಹಿಡಿ ಕತ್ತಲಿನ ಸಮೇತ ಸೆರಗಿನಲ್ಲಿ ಸುತ್ತಿಕೊಂಡು ಓಡಿದೆ. ಸೆರಗಿನ ಮರೆಯಲ್ಲೇ ಮೂರು ಸಲ ತೊಳೆದು, ಗಾಜು ಮುಚ್ಚಿದೆ. ಸೂಕ್ಷ್ಮದರ್ಶಕದ ಕೊಳವೆಯೊಳಗೆ ಅರಗು ಹಾಕಿ ಮುಚ್ಚಿದ ಕತ್ತಲಿದೆ, ಅದಕ್ಕೆ ಯಾರ ಕೈಯೂ ತಾಗಿರಲಿಲ್ಲ. ಮೊದಲು ಸಾಕ್ಷಿಯನ್ನು ಇಟ್ಟೆ. ಹಸಿರು. ಕಣ್ಣಿಗೆ ಹೊಡೆಯುವಂಥ ಹಸಿರು. ಬಣ್ಣ ಬದುಕಿತ್ತು. ಎರಡನೆಯದನ್ನು ಮಾತ್ರ ಹಾಕಿದ ಬಿಂದುವಿನ ಪದರವನ್ನಿಟ್ಟೆ. ಅಲ್ಲಿ ಏನೂ ಇಲ್ಲ, ಇರಲೂಬಾರದು. ಕೊನೆಗೆ ಉಳಿದದ್ದನ್ನು ಇಡುವಾಗ ಪಂಚಾಕ್ಷರಿಯವರು ನನ್ನ ಹಿಂದೆ ಬಂದು ನಿಂತಿದ್ದರು. ಅವರ ಉಸಿರು ನನ್ನ ಹೆಗಲಿಗೆ ತಾಗುತ್ತಿತ್ತು.

ರಕ್ತ ಸೋಸುವ ಪುಟ್ಟ ಉಂಡೆಗಳ ಗೋಡೆಯುದ್ದಕ್ಕೂ ಒಂದು ಹಸಿರು ಗೆರೆ ಓಡಿತ್ತು. ಎಲ್ಲೂ ಕಡಿಯದೆ, ನುಣ್ಣಗೆ, ರಂಗೋಲಿ ಬಲ್ಲ ಕೈ ಒಂದೇ ಎಳೆಯಲ್ಲಿ ಬಿಟ್ಟ ಹಾಗೆ. ನಾನು ಪಕ್ಕಕ್ಕೆ ಸರಿದೆ. ಅವರು ನೋಡಿದರು. ಕ್ಯಾಮೆರಾದಲ್ಲಿ ಚಿತ್ರ ಹಿಡಿದುಕೊಂಡರು. “ಔಷಧಿ ಶುರು ಮಾಡೋಕೆ ಹೇಳ್ತೀನಿ. ಸೋಂಕನ್ನೂ ಜೊತೆಗೇ ನೋಡ್ಕೋಬೇಕು, ದೇವರಿದ್ದಾನೆ” ಎಂದು ವಾರ್ಡಿಗೆ ಓಡಿದರು. ಅವರ ಮೇಜಿನ ಮೇಲೆ ‘ಇಲ್ಲ’ ಎಂದು ಬರೆದಿಟ್ಟ ಹಾಳೆಯನ್ನು ನಾನೇ ಹರಿದು ಬುಟ್ಟಿಗೆ ಹಾಕಿದೆ.

ತಿರುಗಿದರೆ ಬಾಗಿಲಲ್ಲಿ ಹಾಲಮ್ಮ. ಮಗಳ ಬಳಿ ಪಕ್ಕದ ಮಂಚದವಳನ್ನು ಕೂರಿಸಿ ನನ್ನ ಹಿಂದೆಯೇ ಬಂದಿದ್ದಳಂತೆ. ಡಾಕ್ಟರು ಓಡಿದ್ದನ್ನು ಕಂಡಿದ್ದಳು, ಯಾಕೆಂದು ತಿಳಿದಿರಲಿಲ್ಲ. “ನಾನೂ ಒಂದ್ಸಲ ನೋಡ್ಲೇನ್ರಿ?” ಎಂದಳು. ಸ್ಟೂಲು ಎಳೆದು ಕೂರಿಸಿದೆ.

“ಅಬ್ಬಬ್ಬಾ, ಎಷ್ಟ್ ಚಂದ ಐತಿ!” ಎಂದಳು. “ಇದು ನಮ್ಮ ಬಿಂದೂದೇನ್ರಿ?”

“ಹೂಂ.”

ಅವಳಿಗೆ ಅರ್ಥವಾಯಿತೆಂದು ಬೆನ್ನು ನೋಡಿಯೇ ತಿಳಿಯಿತು. ಆದರೆ ಕಣ್ಣು ತೆಗೆಯಲಿಲ್ಲ. ನೋಡಿದಷ್ಟೂ ಆ ನೀಲಿ ಬೆಳಕು ಬಣ್ಣವನ್ನು ತಿನ್ನುತ್ತ ಹೋಗುತ್ತದೆ. ಒಂದೇ ಕಡೆ ದಿಟ್ಟಿಸಿದರೆ ಹೊಳಪು ಕ್ರಮೇಣ ಮಂಕಾಗಿ ಆರಿಬಿಡುತ್ತದೆ. ಅದನ್ನು ಅವಳಿಗೆ ಹೇಳಿರಲಿಲ್ಲ. ತುಸು ಹೊತ್ತಾದ ಮೇಲೆ ಅವಳ ದನಿ ಎದ್ದಿತು. “ಅಕ್ಕಾರ, ಕಡಿಮಿ ಆಗಾಕತ್ತೇತಿ! ಹೋಗಾಕತ್ತೇತ್ರಿ!” ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದು, ರೆಪ್ಪೆಯೂ ಬಡಿಯದೆ ಇನ್ನಷ್ಟು ಬಗ್ಗಿ ಕೂತಳು. ಚಿತ್ರ ಹಿಡಿದಾಗಿತ್ತು, ಪದರದಿಂದ ಆಗಬೇಕಾದ್ದೇನೂ ಉಳಿದಿರಲಿಲ್ಲ. ನಾನು ತಡೆಯಲಿಲ್ಲ. ಕೊನೆಗೆ ಅವಳು ತಲೆಯೆತ್ತಿದಳು. ಕೆನ್ನೆಯೆಲ್ಲ ಒದ್ದೆ. “ಪೂರ್ತಿ ಹೋತ್ರಿ” ಎಂದಳು.

ಆ ಮುಖಕ್ಕೆ ಸತ್ಯ ಹೇಳುವುದು ಪಾಪವೆನ್ನಿಸಿತು, ಹೇಳದಿರುವುದು ಅದಕ್ಕಿಂತ ದೊಡ್ಡ ಪಾಪವಾಗುತ್ತಿತ್ತು. ಅವಳ ಕೈ ಹಿಡಿದುಕೊಂಡೆ. “ಹಾಲಮ್ಮಾ, ಅದು ಗಾಜಿನ ಮೇಲಿನ ಬಣ್ಣ ಕಣೇ. ನೋಡ್ತಾ ನೋಡ್ತಾ ಹೋಗುತ್ತೆ. ಮೈಯೊಳಗಿನದು ಅಲ್ಲೇ ಇದೆ. ಅದಕ್ಕೆ ಔಷಧಿ ಹಾಕ್ತಾರೆ ಈಗ. ದಿನಗಟ್ಟಲೆ, ತಿಂಗಳುಗಟ್ಟಲೆ ಆಗುತ್ತೆ. ಹೋಗುತ್ತೋ ಇಲ್ವೋ ನನಗೆ ಗೊತ್ತಿಲ್ಲ.”

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

“ಹಂಗಾರ ಅದನ್ನೂ ಹಿಂಗ ನೋಡ್ಕೋತ ಕುಂದರ್ತೀನ್ರಿ, ಹೋಗೋ ತನಕ” ಎಂದು ಮಗಳ ಮಂಚದ ಕಡೆ ನಡೆದಳು.